ಮೂರು ವರ್ಷದ ಹಂದಿ ಪರ್ಮಿಟ್ಟು

ನಾನು ಹುಟ್ಟಾ ಸಸ್ಯಾಹಾರಿ. ಕೊರಳಲ್ಲಿ ಲಿಂಗ, ಹಣೆಯಲ್ಲಿ ವಿಭೂತಿ, ಸೊಂಟದಲ್ಲಿ ನಂಜನಗೂಡು ಪಕ್ಕದ ತಾಂಡ್ಯದ ಫ್ಯಾಕ್ಟರಿಯೊಂದರ ಸ್ಟೋರಿನ ಬೀಗದ ಕೈ ಗೊಂಚಲು. ಕ್ಯಾಂಟೀನಿನಲ್ಲಿ ಪಕ್ಕದವನ ತಟ್ಟೆಗೆ ಮೊಟ್ಟೆ ಬಿದ್ದರೆ ನನ್ನ ತಟ್ಟೆ ಎತ್ತಿಕೊಂಡು ಬೇರೆ ಬೆಂಚಿಗೆ ಹೋಗುವವನು. ಬಚ್ಚಲಲ್ಲಿ ಜಿರಳೆ ಕಂಡರೆ ಹೆಂಡತಿಯನ್ನು ಕೂಗುವವನು. ಇಂಥ ನಾನು ಒಂದು ಕಾಲದಲ್ಲಿ ಕಾಡುಹಂದಿ ಬೇಟೆಗೆ ಸರ್ಕಾರದ ಪರ್ಮಿಟ್ ಪಡೆಯಲು ಹೊರಟಿದ್ದೆ ಎಂದರೆ ಈಗ ನನ್ನ ಮಕ್ಕಳೂ ನಂಬುವುದಿಲ್ಲ. ನಂಬದಿದ್ದರೆ ನನಗೇನೂ ಬೇಜಾರಿಲ್ಲ. ಅವರಮ್ಮನನ್ನು ಕೇಳದಿದ್ದರೆ ಸಾಕು.

ಮೊಬೈಲು ಇನ್ನೂ ಎಲ್ಲರ ಜೇಬಿಗೆ ಇಳಿದಿರದ ಕಾಲ ಅದು. ನಮ್ಮೂರು ನಂಜನಗೂಡಿನಿಂದ ನರಸೀಪುರಕ್ಕೆ ಹೋಗುವ ದಾರಿಯಲ್ಲಿ, ಬಸ್ಸು ನಿಂತರೂ ನಿಂತೀತು, ಬಿಟ್ಟರೂ ಬಿಟ್ಟೀತು ಎನ್ನುವಂಥ ಜಾಗದಲ್ಲಿದೆ. ನಾಲೆಯ ಪಕ್ಕ ನಮ್ಮದೊಂದು ತುಂಡು ಹೊಲ ಹಾಳುಬಿದ್ದಿತ್ತು. ಆ ವರ್ಷ ನನ್ನ ಹೆಂಡತಿ ಮಂಗಳ ಅದರಲ್ಲಿ ಗೆಣಸು ಹಾಕುತ್ತೇನೆ ಎಂದು ಹೊರಟಳು. ಅವಳು ಮುಡುಕುತೊರೆಯ ಬೇಸಾಯಗಾರರ ಮನೆ ಮಗಳು. ಅವಳ ತಮ್ಮ ಇದನ್ನು ಕೇಳಿ, ಭಾವ ನಟ್ಟು ಬೋಲ್ಟು ಎಣಿಸುವವರು, ಅವರ ಮನೆ ಹೊಲದಲ್ಲಿ ಗೆಣಸು ಬಿಟ್ಟ ಹಾಗೇ ಅಂತ ನಕ್ಕನಂತೆ. ನಕ್ಕದ್ದು ನನ್ನ ಬಗ್ಗೆ. ಮೈ ಉರಿದದ್ದು ಅವಳಿಗೆ. ಈ ಸಂಕ್ರಾಂತಿಗೆ ನಿಮ್ಮನೆಗೆ ಬುಟ್ಟಿ ತುಂಬ ಗೆಣಸು ನಮ್ಮ ಹೊಲದ್ದೇ ಬರುತ್ತೆ, ನೋಡುತ್ತಿರು ಎಂದು ತಮ್ಮನಿಗೆ ಮಾತು ಕೊಟ್ಟು ಬಂದಳು.

ಬಳ್ಳಿ ಚೆನ್ನಾಗಿಯೇ ಹಬ್ಬಿತು. ಮಾರ್ಗಶಿರದ ಚಳಿ ಶುರುವಾಗುವ ಹೊತ್ತಿಗೆ ಸಾಲಿನ ಮಣ್ಣು ಬಿರಿದು ಗೆಣಸು ಇಣುಕತೊಡಗಿತು. ಆಗ ಹಂದಿ ಬಂತು. ಒಂದು ಬೆಳಿಗ್ಗೆ ಮಂಗಳ ಹರಿದ ಬಳ್ಳಿಯೊಂದನ್ನು ಕೈಯಲ್ಲಿ ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತಳು. ಮೂಲೆಯ ಒಂದು ಸಾಲು ಹೋಗಿತ್ತು.

"ಏನಾದ್ರೂ ಮಾಡ್ರೀ," ಎಂದಳು.

ಮದುವೆಯಾದಾಗಿನಿಂದ ಅವಳು ನನಗೆ ಹೇಳಿದ್ದ ಕೆಲಸಗಳೆಲ್ಲ ಕೊತ್ತಂಬರಿ ಸೊಪ್ಪಿನ ಮಟ್ಟದವು. ಇದು ಮೊದಲ ದೊಡ್ಡ ಜವಾಬ್ದಾರಿ. ನನ್ನ ತಲೆ ಅಲ್ಲೇ ತಿರುಗಿತು.

ಊರಿನಲ್ಲಿ ಹಂದಿಗೆ ಮದ್ದು ಎಲ್ಲರಿಗೂ ಗೊತ್ತಿತ್ತು. ಹೊಲದ ಸುತ್ತ ಹಳೆ ಸೀರೆ ಕಟ್ಟುವುದು, ಕ್ಷೌರದ ಅಂಗಡಿಯಿಂದ ಕೂದಲು ತಂದು ಬದುವಿನ ಮೇಲೆ ಚೆಲ್ಲುವುದು, ಡಬ್ಬ ಬಡಿಯುವುದು. ಮಂಗಳ ಅದನ್ನೇ ಹೇಳಿದಳು. ನಾನು ಒಪ್ಪಲಿಲ್ಲ. ಜವಾಬ್ದಾರಿಯುತ ಸ್ಥಾನದಲ್ಲಿರುವ ನೌಕರನೊಬ್ಬ ಹೊಲದಲ್ಲಿ ನಿಂತು ಡಬ್ಬ ಬಡಿದರೆ ಫ್ಯಾಕ್ಟರಿಯ ಮರ್ಯಾದೆ ಏನಾಗಬೇಕು? ನನಗೆ ಬೇಕಾಗಿದ್ದದ್ದು ಶಾಶ್ವತ ಪರಿಹಾರ.

ಅದನ್ನು ತಂದುಕೊಟ್ಟವನು ಪಕ್ಕದ ಹೊಲದ ನಿಂಗರಾಜು. ಅವನ ಮನೆಯಲ್ಲಿ ಅವನ ತಾತನ ಕಾಲದ ಲೈಸೆನ್ಸ್ ಕೋವಿ ಒಂದಿತ್ತು. ಬೆಳೆ ಹಾಳು ಮಾಡುವ ಹಂದಿ ಹೊಡೆಯಲು ಫಾರೆಸ್ಟಿನವರು ಪರ್ಮಿಟ್ ಕೊಡುತ್ತಾರೆ, ಆದರೆ ಹೊಲದ ಯಜಮಾನನೇ ಕೇಳಬೇಕು ಎಂದು ಅವನು ಹೇಳಿದ.

"ನೀನ್ ಅರ್ಜಿ ಆಕು ಶಿವಣ್ಣ. ಒಡಿಯೋದು ನಂಗ್ ಬುಡು."

ಅರ್ಜಿ ಹಾಕುವುದೋ ಬೇಡವೋ ಎಂಬ ಘನ ಪ್ರಶ್ನೆ ಅಂದಿನಿಂದ ನಮ್ಮ ಮನೆಯ ಮುಂದೆ ಬಂದು ಕೂತಿತು. ಮೊದಲು ಅವ್ವನ ಮುಂದೆ ಮಂಡಿಸಿದೆ. ಹಂದಿ ಎಂಬ ಹೆಸರು ಕೇಳಿದ್ದೇ ಅವ್ವ ನನಗೆ ಬಾಯಿ ಮುಕ್ಕಳಿಸಿ ಬಾ ಎಂದಳು. ಮುಕ್ಕಳಿಸಿ ಬಂದು ವಾದ ಮುಂದುವರಿಸಿದೆ. ವರಾಹ ವಿಷ್ಣುವಿನ ಅವತಾರ, ಅದು ಆ ಕಡೆಯವರ ವಿಷಯ, ನಮಗೆ ಸಂಬಂಧವಿಲ್ಲ. ನಮ್ಮ ಶಿವನಂತೂ ಬೇಡನ ವೇಷ ಹಾಕಿಕೊಂಡು, ಪಾರ್ವತಿಯನ್ನೂ ಕರೆದುಕೊಂಡು ಕಾಡಿಗೆ ಹೋಗಿ ಸ್ವತಃ ಹಂದಿ ಹೊಡೆದಿದ್ದಾನೆ. ಅದೂ ಪರ್ಮಿಟ್ ಇಲ್ಲದೆ. ನಾನಾದರೋ ಕಾನೂನುಬದ್ಧವಾಗಿ ಹೊರಟವನು.

"ಅವ್ನು ಇಸಾನೂ ಕುಡ್ದ," ಎಂದಳು ಅವ್ವ. "ನೀನೂ ಕುಡೀತೀಯೇನಪ್ಪ?"

ನಂಜುಂಡನ ಸೀಮೆಯಲ್ಲಿ ಹುಟ್ಟಿ ಈ ಪ್ರಶ್ನೆಗೆ ಉತ್ತರ ಹೇಳುವುದು ಕಷ್ಟ. ಸಭೆಯನ್ನು ಅಲ್ಲಿಗೆ ಮುಂದೂಡಿದೆ.

ಮಠದ ಸ್ವಾಮಿಗಳನ್ನೂ ಕೇಳಿದೆ. ಅವರು ಕಣ್ಣು ಮುಚ್ಚಿ, ಬೆಳೆಯೂ ಉಳಿಯಬೇಕು, ಜೀವವೂ ಉಳಿಯಬೇಕು ಎಂದು ಅಪ್ಪಣೆ ಕೊಡಿಸಿ, ಗೆಣಸು ಕಿತ್ತ ಮೇಲೆ ಮಠಕ್ಕೂ ಒಂದಿಷ್ಟು ಬರಲಿ ಎಂದರು. ಮಂಗಳ ಮಾತ್ರ ತನ್ನ ಮಾತು ಬಿಡಲಿಲ್ಲ. ನಾನು ಗೆಣಸು ಉಳಿಸಿ ಅಂದೆನೇ ಹೊರತು ಹಂದಿ ಹೊಡೀರಿ ಅಂದೆನಾ ಎಂದು ಕೇಳಿ ಒಳಗೆ ಹೋದಳು. ಎರಡಕ್ಕೂ ವ್ಯತ್ಯಾಸವೇನು ಎಂದು ಆಗ ನನಗೆ ಹೊಳೆಯಲಿಲ್ಲ.

ಒಂದು ಮಧ್ಯಾಹ್ನ ರಜೆ ಹಾಕಿ ಫಾರೆಸ್ಟ್ ಗಾರ್ಡನ್ನು ಹುಡುಕಿಕೊಂಡು ಹೋದೆ. ತಾಳ್ಮೆಯ ಮನುಷ್ಯ. ನಾನು ಹೇಳಿದ್ದನ್ನೆಲ್ಲ ಕೇಳಿ, ಈ ಒಂದು ಬೆಳೆಗೆ ಮಾತ್ರ ಬೇಕೋ, ಮೂರು ವರ್ಷಕ್ಕೆ ಬೇಕೋ ಎಂದು ಕೇಳಿದರು. ಮೂರು ವರ್ಷ! ನಾನು ಅಂಗಡಿಯಲ್ಲಿ ಸೋಪು ಕೊಂಡರೂ ಮೂರು ಕೊಂಡರೆ ಒಂದು ಪುಕ್ಕಟೆ ಇದೆಯೇ ಎಂದು ನೋಡುವವನು. ಒಂದು ಬೆಳೆಗೆ ತೆಗೆದುಕೊಳ್ಳುವವನು ರೈತ. ಮೂರು ವರ್ಷಕ್ಕೆ ತೆಗೆದುಕೊಳ್ಳುವವನು ಬೇಟೆಗಾರ. ಯೋಚನೆ ಮಾಡಿ ಹೇಳುತ್ತೇನೆ ಎಂದು ಗಂಭೀರವಾಗಿ ನುಡಿದು, ಮೊಪೆಡ್ಡನ್ನು ಜೀಪಿನ ಹಾಗೆ ಓಡಿಸಿಕೊಂಡು ಊರಿಗೆ ಬಂದೆ.

ಅಷ್ಟರಲ್ಲಿ ನಿಂಗರಾಜು ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದ. ನಮ್ಮ ಕಡೆ ಗುಡ್ಡೆ ಬಾಡು ಎನ್ನುವುದೊಂದಿದೆ. ಹತ್ತಾರು ಮನೆಯವರು ಸೇರಿ ಒಂದು ಕುರಿಯನ್ನೋ ಮೇಕೆಯನ್ನೋ ಕಡಿದು, ಎಲೆಯ ಮೇಲೆ ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಇಲ್ಲಿ ಹಂದಿ ಇನ್ನೂ ನಾಲೆ ಬದಿಯ ಪೊದೆಯಲ್ಲಿ ಹೆಂಡತಿ ಮಕ್ಕಳೊಂದಿಗೆ ಸುಖವಾಗಿತ್ತು. ಅದರ ಗುಡ್ಡೆಗಳೆಲ್ಲ ಊರಿನಲ್ಲಿ ಆಗಲೇ ಹಂಚಿಹೋಗಿದ್ದವು. ಬೆಳಿಗ್ಗೆ ವಿಭೂತಿ ಹಚ್ಚಿಕೊಂಡು ಹೊರಗೆ ಬಂದರೆ ಜಗಲಿಯ ಮುಂದೆ ಜನ. ಒಬ್ಬರಿಗೆ ತೊಡೆಯ ಕಡೆಯದು ಬೇಕು. ಇನ್ನೊಬ್ಬರಿಗೆ ಮಗಳು ಬಾಣಂತನಕ್ಕೆ ಬಂದಿದ್ದಾಳೆ, ಕೊಬ್ಬು ಕಮ್ಮಿ ಇರಲಿ. ನಾನು ಎಲ್ಲರಿಗೂ ಆಗಲಿ, ನೋಡೋಣ ಎನ್ನುತ್ತಿದ್ದೆ. ಒಳಗಿನಿಂದ ಅವ್ವ ಪೂಜೆಯ ಗಂಟೆಯನ್ನು ಬೇಕೆಂದೇ ಜೋರಾಗಿ ಬಾರಿಸುತ್ತಿದ್ದಳು.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಗಿತ್ತು. ಸ್ಟೋರಿನಲ್ಲಿ ನನ್ನನ್ನು ಕೇಳುವವರೇ ಇರಲಿಲ್ಲ. ಊರಿನಲ್ಲಿ ಅಂಗಡಿಯವನು ಕುರ್ಚಿ ಹಾಕುತ್ತಿದ್ದ, ಟೀ ತಾನಾಗಿ ಬರುತ್ತಿತ್ತು. ಮೂರು ವರ್ಷ ಹೀಗೇ ನಡೆದರೆ ಗ್ರಾಮ ಪಂಚಾಯ್ತಿಗೇ ನಿಲ್ಲಬಹುದೆಂಬ ಯೋಚನೆಯೂ ಬಂತು. ಈ ನಡುವೆ ಹಂದಿ ಮತ್ತೊಂದು ಸಾಲು ತಿಂದಿತ್ತು. ಸೀರೆನಾದರೂ ಕಟ್ಟೋಣ ಬನ್ನಿ ಎಂದು ಮಂಗಳ ಕರೆದಳು. ಸೀರೆ ಕಟ್ಟಿದರೆ ಹಂದಿ ಬರುವುದಿಲ್ಲ, ಹಂದಿ ಬರದಿದ್ದರೆ ಪರ್ಮಿಟ್ ಯಾವುದಕ್ಕೆ ಕೊಡುತ್ತಾರೆ ಎಂದು ನಾನು ಅವಳಿಗೆ ತಿಳಿಹೇಳಿದೆ. ಅವಳು ತೆಗೆದಿಟ್ಟಿದ್ದ ಹಳೆ ಸೀರೆಗಳನ್ನು ಮತ್ತೆ ಪೆಟ್ಟಿಗೆಗೆ ತುಂಬಿದಳು.

ಮೂರು ವರ್ಷದ್ದೇ ಆಗಲಿ ಎಂದು ತೀರ್ಮಾನಿಸಿ ಮತ್ತೆ ಗಾರ್ಡ್ ಹತ್ತಿರ ಹೋದೆ. ಅವರು ಎರಡು ವಿಷಯ ಹೇಳಿದರು. ಒಂದು, ಹೊಡೆದ ಹಂದಿಯನ್ನು ಯಾರೂ ತಿನ್ನುವ ಹಾಗಿಲ್ಲ, ಅವರ ಕಣ್ಣೆದುರೇ ಸೀಮೆಎಣ್ಣೆ ಸುರಿದು ಹೂಳಬೇಕು. ಎರಡು, ಮೂರು ವರ್ಷದ್ದು ಬೇಕಾದರೆ ಹಾನಿ ಕಣ್ಣಿಗೆ ಕಾಣುವಷ್ಟಿರಬೇಕು, ಒಂದೆರಡು ಸಾಲಿಗೆಲ್ಲ ಮೇಲಿನವರು ಒಪ್ಪುವುದಿಲ್ಲ. ಭಾನುವಾರ ಬಂದು ಜಾಗ ನೋಡುತ್ತೇನೆ, ಅಕ್ಕಪಕ್ಕದ ಹೊಲದವರು ಒಬ್ಬಿಬ್ಬರು ಇರಲಿ ಎಂದರು.

ಹೂಳಬೇಕು ಎನ್ನುವುದು ನನಗೆ ಅಮೃತದ ಹಾಗೆ ಕೇಳಿಸಿತು. ತಿನ್ನದ ಮೇಲೆ ನಮ್ಮ ಕುಲಕ್ಕೆ ಯಾವ ದೋಷ? ಸಂತೋಷದಿಂದ ಅಂಗಡಿ ಮುಂದೆ ನಿಂತು ಎಲ್ಲರಿಗೂ ಸಾರಿದೆ. ಅರ್ಧ ಗಂಟೆಯಲ್ಲಿ ಕುರ್ಚಿ ಒಳಗೆ ಹೋಯಿತು. ಟೀಗೆ ಅಂಗಡಿಯವನು ಕಾಸು ಕೇಳಿದ. ತೊಡೆ ಕೇಳಿದ್ದವರು ನನ್ನನ್ನು ಕಂಡು ರಸ್ತೆಯ ಆ ಬದಿಗೆ ದಾಟಿದರು. ನಿಂಗರಾಜುವಿನ ಕೋವಿಗೆ ಆ ಸಂಜೆಯೇ ತುಕ್ಕು ಹಿಡಿಯಿತು.

"ಊಳಕ್ಕೆ ಯಾಕಣ್ಣ ಅಂದಿ ಒಡೀಬೇಕು," ಎಂದ ಅವನು. "ಅದ್ರ ಪಾಡ್ಗೆ ಅದು ಇರ್ಲಿ ಬುಡು."

ಜಾಣನಾದವನು ಅಲ್ಲಿಗೆ ಕೈಬಿಡುತ್ತಿದ್ದ. ನನಗೆ ಹಟ ಬಂತು. ಇಷ್ಟು ದಿನ ಅರ್ಜಿ ಹಾಕೋಣವೋ ಬೇಡವೋ ಎಂದು ತೂಗಾಡಿದವನು, ಕೋವಿಯೂ ಇಲ್ಲ, ಜನವೂ ಇಲ್ಲ ಎಂದಾದ ಮೇಲೆ ಹಾಕಿಯೇ ತೀರುತ್ತೇನೆ ಎಂದು ನಿಂತೆ. ಭಾನುವಾರಕ್ಕೆ ಹಾನಿ ತೋರಿಸಬೇಕು. ಹಾನಿಯೋ, ಮೂಲೆಯ ಎರಡು ಸಾಲು. ಆ ದರಿದ್ರ ಹಂದಿಗಳು ಬೇಕಾದ ಹೊತ್ತಿಗೆ ಬರಲಿಲ್ಲ.

ಶನಿವಾರ ಬೆಳಿಗ್ಗೆ ಮಂಗಳ ತವರಿಗೆ ಹೊರಟಳು. ಹಬ್ಬ ಹತ್ತಿರ ಬಂತು, ಬುಟ್ಟಿ ಗೆಣಸಿನ ವಿಷಯ ತಮ್ಮನಿಗೆ ಇನ್ನೊಂದು ಸಲ ಖುದ್ದಾಗಿ ಹೇಳಿ ಬರಬೇಕಿತ್ತು. ಅವಳನ್ನು ಬಸ್ಸು ಹತ್ತಿಸಿ ನಾನು ಗುದ್ದಲಿ ತೆಗೆದುಕೊಂಡು ಹೊಲಕ್ಕೆ ಹೋದೆ.

ಒಂದು ಸಾಲು ಅಗೆದರೆ ಸಾಕೆಂದುಕೊಂಡಿದ್ದೆ. ಅಗೆದು ನೋಡಿದರೆ ತೀರಾ ನೆಟ್ಟಗಿತ್ತು. ಹಂದಿ ದಾರ ಹಿಡಿದು ಅಗೆಯುವುದಿಲ್ಲ. ಅದಕ್ಕೆ ಅಲ್ಲೊಂದು ಇಲ್ಲೊಂದು ಗುಂಡಿ ತೆಗೆದೆ. ದೂರ ನಿಂತು ನೋಡಿದೆ. ಎಡಗಡೆ ಸ್ವಲ್ಪ ಕಮ್ಮಿ ಅನಿಸಿತು. ಅಲ್ಲಿಗೂ ಹಾಕಿದೆ. ಆಗ ಬಲಗಡೆ ಕಮ್ಮಿಯಾಯಿತು. ನಾನೇ ಹಂದಿಯಾಗಿದ್ದರೆ ಯಾವ ಕಡೆ ನುಗ್ಗುತ್ತಿದ್ದೆ ಎಂದು ಹಂದಿಯ ತಲೆಯಿಂದ ಯೋಚಿಸಿದೆ. ಅದಕ್ಕೆ ಹೆಚ್ಚು ಕಷ್ಟವೇನೂ ಆಗಲಿಲ್ಲ. ಹೊತ್ತು ಇಳಿಯುವಷ್ಟರಲ್ಲಿ ಅರ್ಧ ಹೊಲ ಮೇಲೆ ಕೆಳಗಾಗಿತ್ತು. ಇಷ್ಟು ದಿನದಲ್ಲಿ ಹಂದಿಗಳಿಗೆ ಆಗದಿದ್ದದ್ದನ್ನು ನಾನು ಒಬ್ಬನೇ ಒಂದು ದಿನದಲ್ಲಿ ಮುಗಿಸಿದ್ದೆ.

ಭಾನುವಾರ ಗಾರ್ಡ್ ಬಂದರು. ನಿಂಗರಾಜು ಸಾಕ್ಷಿಗೆ ಬರಲಾರೆ ಎಂದವನು, ಏನಾಗುತ್ತದೆ ನೋಡೋಣ ಎಂದು ಬದುವಿನ ಮೇಲೆ ನಿಂತಿದ್ದ. ಹೊಲ ನೋಡಿ ಗಾರ್ಡ್ ಟೋಪಿ ತೆಗೆದು ತಲೆ ಕೆರೆದುಕೊಂಡರು. ಇದು ಒಂದೆರಡು ಹಂದಿಯ ಕೆಲಸವಲ್ಲ, ಇಡೀ ಹಿಂಡೇ ಬಂದಿರಬೇಕು ಎಂದರು. ನನಗೆ ಹೆಮ್ಮೆಯಾಯಿತು. ಮೂರು ವರ್ಷದ್ದಕ್ಕೆ ತೊಂದರೆಯಿಲ್ಲ, ಬರೆದುಕೊಳ್ಳುತ್ತೇನೆ ಎಂದು ಅವರು ಜೇಬಿನಿಂದ ಪೆನ್ನು ತೆಗೆದರು.

ಆಗ ಮಂಗಳ ಬಂದಳು. ಬೆಳಗಿನ ಬಸ್ಸಿಗೇ ಹೊರಟು, ಮನೆಗೂ ಹೋಗದೆ, ಗಾರ್ಡ್ ಬರುತ್ತಾರೆಂದು ಹೊಲಕ್ಕೇ ಬಂದಿದ್ದಳು. ಬದುವಿನ ಮೇಲೆ ನಿಂತು ನೋಡಿದಳು. ಕೈಚೀಲ ಕೆಳಗಿಟ್ಟು ಹೊಲದೊಳಗೆ ಇಳಿದಳು. ಕೂತು ಒಂದು ಗೆಣಸು ಎತ್ತಿದಳು, ಇನ್ನೊಂದು ಎತ್ತಿದಳು. ಅವಳ ಕಣ್ಣಲ್ಲಿ ನೀರು ತುಂಬಿತ್ತು. ಅದುವರೆಗೆ ನನಗೆ ಅದು ಹಾನಿಯಾಗಿ ಕಂಡಿತ್ತೇ ಹೊರತು ಅವಳ ಗೆಣಸಾಗಿ ಕಂಡಿರಲಿಲ್ಲ.

"ಸಾ, ಇದು ಹಂದಿ ಕೆಲ್ಸ ಅಲ್ಲ," ಎಂದಳು. "ಹಂದಿ ಅಗೆದ್ರೆ ತಿಂದು ಹೋಗ್ತದೆ. ಇಲ್ಲಿ ಒಂದೂ ತಿಂದಿಲ್ಲ. ಹಿಂಗೆ ನೀಟಾಗಿ ಎರಡು ಹೋಳು ಮಾಡಕ್ಕೆ ಹಂದಿ ಹತ್ರ ಗುದ್ದಲಿ ಇರ್ತದಾ?"

ಗಾರ್ಡ್ ಪೆನ್ನಿನ ಕ್ಯಾಪು ಮುಚ್ಚಿದರು. ಮಂಗಳ ಕಣ್ಣೊರೆಸಿಕೊಂಡು ನೇರವಾಗಿ ನಿಂಗರಾಜುವಿನ ಕಡೆ ತಿರುಗಿದಳು. ಬಾಡು ಸಿಗಲಿಲ್ಲ ಅಂತ ಬೆಳೆದ ಬೆಳೆ ಅಗೆದು ಹಾಕುವುದಾ, ನಿನ್ನನ್ನು ಸ್ವಂತ ತಮ್ಮ ಅಂದುಕೊಂಡಿದ್ದೆನಲ್ಲಾ ಎಂದು ಶುರುಮಾಡಿದಳು. ಪಾಪ, ಅವನು ತಬ್ಬಿಬ್ಬಾದ.

"ನಾನು ಗುದ್ಲಿ ಇಡಿಯೋನೇ ಕಣಕ್ಕ," ಎಂದ. "ಅಂಗಂತ ನೀನ್ ನೆಟ್ಟಿದ್ದಕ್ಕೆ ಕೈ ಆಕ್ತೀನಾ?"

ಮಾತಿಗೆ ಮಾತು ಬೆಳೆಯಿತು. ಇಲ್ಲಿ ನಾನು ಸುಮ್ಮನಿರಬೇಕಾಗಿತ್ತು. ಆದರೆ ನಿರಪರಾಧಿಯೊಬ್ಬ ನನ್ನಿಂದಾಗಿ ಬೈಸಿಕೊಳ್ಳುವುದನ್ನು ನೋಡಲಾಗದೆ, ಮನೆಯ ಯಜಮಾನನಾಗಿ ಇಬ್ಬರ ನಡುವೆ ಹೋಗಿ, ಎರಡೂ ಕೈ ಮೇಲೆತ್ತಿ, ಸಮಾಧಾನ, ಸಮಾಧಾನ ಎಂದೆ.

ಎಲ್ಲರೂ ತಟ್ಟನೆ ಸುಮ್ಮನಾದರು. ನನ್ನ ಮಾತಿಗೆ ಇಷ್ಟು ಬೆಲೆಯೇ ಎಂದು ನನಗೇ ಆಶ್ಚರ್ಯವಾಯಿತು. ಆಮೇಲೆ ಗೊತ್ತಾಯಿತು, ಅವರು ನನ್ನ ಅಂಗೈ ನೋಡುತ್ತಿದ್ದರು. ವರ್ಷಗಟ್ಟಲೆ ಪೆನ್ನಿಗಿಂತ ಭಾರದ್ದನ್ನು ಹಿಡಿಯದ ನನ್ನ ಎರಡೂ ಅಂಗೈ ತುಂಬ ಬೊಬ್ಬೆ ಎದ್ದಿದ್ದವು. ಎರಡು ಒಡೆದೂ ಹೋಗಿದ್ದವು.

ಮಂಗಳ ಅಂಗೈ ನೋಡಿದಳು. ಹೊಲ ನೋಡಿದಳು. ಮತ್ತೆ ಅಂಗೈ ನೋಡಿದಳು. ಬೈಯುತ್ತಾಳೆ ಎಂದು ಕಾದೆ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು. ಅವಳು ಗಾರ್ಡ್ ಕಡೆ ತಿರುಗಿ ಬಲು ಮರ್ಯಾದೆಯಿಂದ ಕೇಳಿದಳು:

"ಆ ಪರ್ಮಿಟ್ಟು ಹಂದಿಗೇ ಆಗಬೇಕಾ ಸಾ, ಇವರಿಗೂ ಆಗ್ತದಾ?"

ಗಾರ್ಡ್ ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಕಾನೂನು ತಿಳಿದವರು, ದುಡುಕುವ ಮನುಷ್ಯರಲ್ಲ.

"ಇಲ್ಲಮ್ಮ, ಕಾಡಿಂದಾದ್ರೆ ನಮ್ಗೆ ಬರುತ್ತೆ," ಎಂದರು. "ಇದು ಸಾಕಿರೋದು. ನೀವೇ ಕಟ್ಟಾಕ್ಕೋಬೇಕು."

ಆ ಸಂಜೆಯೇ ನಿಂಗರಾಜುವೂ ಅವಳೂ ಸೇರಿ ಉಳಿದ ಅರ್ಧಕ್ಕೆ ಹಳೆ ಸೀರೆ ಕಟ್ಟಿದರು. ನನಗೆ ಡಬ್ಬ ಕೊಟ್ಟು ಮೂಲೆಯಲ್ಲಿ ಕೂರಿಸಿದರು. ಹಂದಿ ಮತ್ತೆ ಆ ಕಡೆ ತಲೆ ಹಾಕಲಿಲ್ಲ.

ಸಂಕ್ರಾಂತಿಗೆ ಮುಡುಕುತೊರೆಗೆ ಹೋದೆವು. ಬುಟ್ಟಿ ತುಂಬಿರಲಿಲ್ಲ. ಮೇಲೆ ಒಂದಿಷ್ಟು ಅವರೆಕಾಯಿ ಹಾಕಿ ಮರೆಮಾಡಿದ್ದಳು. ನನ್ನ ಭಾಮೈದ ಅವರೆಕಾಯಿ ಸರಿಸಿ, ಏನಕ್ಕ, ಇಷ್ಟೇನಾ ಎಂದ. ನಾನು ತಲೆ ಬಗ್ಗಿಸಿಕೊಂಡು ಕೂತೆ. ಇನ್ನೇನು ನನ್ನ ಮಾನ ಹೋಯಿತು ಎಂದುಕೊಂಡೆ. ಮಂಗಳ ಒಂದು ಕ್ಷಣ ನನ್ನ ಕಡೆ ನೋಡಿದಳು.

"ಹಂದಿ ಕಾಟ ಕಣೋ," ಎಂದಳು ತಮ್ಮನಿಗೆ. "ಅರ್ಧ ಹೊಲ ಹೋಯ್ತು."

ಅವನಿಗೆ ನಿಜವಾಗಿಯೂ ಅಯ್ಯೋ ಅನಿಸಿತು. ಬೇಯಿಸಿದ ಗೆಣಸಿನ ತಟ್ಟೆಯನ್ನು ನನ್ನ ಮುಂದೆ ತಳ್ಳಿ, ಅದಕ್ಕೆ ಸರ್ಕಾರದವರು ಪರ್ಮಿಟ್ ಕೊಡ್ತಾರಂತಲ್ಲ ಭಾವ, ನೀವು ಯಾಕೆ ಒಂದು ಅರ್ಜಿ ಹಾಕಬಾರದು ಎಂದು ಕೇಳಿದ.

ನಾನು ಒಂದು ಗೆಣಸು ಬಾಯಿಗಿಟ್ಟುಕೊಂಡು, ಯೋಚನೆ ಮಾಡ್ತಾ ಇದ್ದೀನಿ ಎಂದೆ.