ಮೊಟ್ಟೆ ಬೇಯುವಷ್ಟರಲ್ಲಿ ಬಿಡಿಸಿದ ಪದಬಂಧ

ಗುರುವಾರ ಬೆಳಿಗ್ಗೆ ಲಯನಲ್ ಪಾಸ್ಕೋ ಅವರ ಇಡೀ ಬದುಕು ಒಂದೇ ಒಂದು ಅಕ್ಷರಕ್ಕೆ ಸಿಕ್ಕಿಹಾಕಿಕೊಂಡಿತು. ಪತ್ರಿಕೆಯ ಪದಬಂಧದಲ್ಲಿ ಒಂಬತ್ತನೆಯ ಅಡ್ಡಸಾಲಿನ ಮೂರನೆಯ ಮನೆಯಲ್ಲಿ 'ಕೆ' ಇರಬೇಕೆಂದು ಅಡ್ಡದ ಸುಳಿವು ಹೇಳುತ್ತಿತ್ತು. ಅದೇ ಮನೆಯಲ್ಲಿ 'ಝಡ್' ಇರಬೇಕೆಂದು ಮೇಲಿನಿಂದ ಇಳಿದು ಬರುವ ಸುಳಿವು ಹಟ ಹಿಡಿದಿತ್ತು. ಪಾಸ್ಕೋ ಕೆ ಬರೆದರು, ಅಳಿಸಿ ಝಡ್ ಬರೆದರು, ಮತ್ತೆ ಅಳಿಸಿದರು. ಕೊನೆಗೆ ಕಾಗದ ತೂತಾಗಿ, ಅದರೊಳಗಿಂದ ಮೇಜಿನ ಬಟ್ಟೆಯ ಹೂವು ಇಣುಕಿತು.

ಅದೊಂದೇ ಮನೆಯಾಗಿದ್ದರೆ ಹೇಗೋ ಸಹಿಸಿಕೊಳ್ಳಬಹುದಿತ್ತು. ಅಡ್ಡ ಬರೆದದ್ದು ಯಾವುದೂ ಕೆಳಗಿಳಿಯುವುದರ ಜೊತೆ ಹೊಂದುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಓರಗಿತ್ತಿಯರ ಹಾಗೆ ಎರಡೂ ಸಾಲುಗಳು ಮುನಿಸಿಕೊಂಡು ಕೂತಿದ್ದವು.

"ಬರ್ಲಿಲ್ವಾ?" ಎಂದು ಹೆಂಡತಿ ಗ್ವೆನ್ ಟೋಸ್ಟಿಗೆ ವೆಜಿಮೈಟ್ ಸವರುತ್ತ ಕೇಳಿದಳು.

"ಬಾರದೇ ಏನು? ಈ ಕುಕಾಬರಾಗೆ ವಯಸ್ಸಾಯ್ತು. ಸುಳಿವು ಕಟ್ಟೋದೇ ಮರ್ತಿದ್ದಾನೆ."

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದ್ಲಂತೆ," ಎಂದು ಗ್ವೆನ್ ಟೋಸ್ಟು ಕಚ್ಚಿದಳು.

ಕುಕಾಬರಾ ಎನ್ನುವುದು ಗುರುವಾರದ ಪದಬಂಧ ಕಟ್ಟುವವರ ಗುಪ್ತನಾಮ. ಆಸಾಮಿ ಗಂಡೋ ಹೆಣ್ಣೋ ಎಂಬುದೂ ನಮ್ಮ ಟಾರನ್ ಬೇ ಊರಿನಲ್ಲಿ ಯಾರಿಗೂ ಗೊತ್ತಿಲ್ಲ. ಆದರೂ ಪಾಸ್ಕೋ ಸರ್ವೆ ಇಲಾಖೆಯಿಂದ ನಿವೃತ್ತರಾದಂದಿನಿಂದ ಪ್ರತಿ ಗುರುವಾರ ಆ ಪದಬಂಧವನ್ನು ಬಿಡಿಸಿ, ಅದರ ಕುಂದುಕೊರತೆಗಳನ್ನು ಬರೆದು, ಬೌಲ್ಸ್ ಆಟದ ಕ್ಲಬ್ಬಿನ ಬೋರ್ಡಿಗೆ ಅಂಟಿಸುತ್ತಿದ್ದರು. ಈ ಸುಳಿವು ಸವಕಲು, ಆ ಸುಳಿವು ಅನ್ಯಾಯ, ಇಂಥ ಪದ ಯಾವ ನಿಘಂಟಿನಲ್ಲೂ ಇಲ್ಲ. ಓದುವವರು ಓದುತ್ತಿದ್ದರು, ಉಳಿದವರು ಅದರ ಮೇಲೆ ಮೀನೂಟದ ಚೀಟಿ ಅಂಟಿಸುತ್ತಿದ್ದರು.

ಊರಿನ ಪತ್ರಿಕೆ 'ಮೆಸೆಂಜರ್'ನಲ್ಲಿ ಪದಬಂಧ ವಿಮರ್ಶೆ ಬರೆಯುತ್ತಿದ್ದ ಹಿರಿಯರು ಮಂಡಿನೋವಿಗೆ ಬಿಸಿಲು ಬೇಕೆಂದು ಕ್ವೀನ್ಸ್‌ಲ್ಯಾಂಡಿಗೆ ಹೊರಟುಹೋದರು. ಜಾಗ ಖಾಲಿಯಾಯಿತು. ಸಂಪಾದಕಿ ರೊಸಾಲಿಂಡ್ ಡೆಲ್‌ಬ್ರಿಜ್ ಪಾಸ್ಕೋ ಅವರನ್ನು ಕರೆದು, "ಗುರುವಾರದ್ದು ಬಿಡಿಸಿ, ಸಂಜೆ ಐದರೊಳಗೆ ವಿಮರ್ಶೆ ಕಳಿಸಿ. ಚೆನ್ನಾಗಿದ್ರೆ ಅಂಕಣ ನಿಮ್ದೇ," ಎಂದಿದ್ದರು. ಹೆಸರು ಅಚ್ಚಾಗುತ್ತದೆ, ಪಕ್ಕದಲ್ಲಿ ಫೋಟೋ. ಪಾಸ್ಕೋ ಕ್ಷೌರ ಕೂಡ ಮಾಡಿಸಿಕೊಂಡಿದ್ದರು. ಬದುಕಿನಲ್ಲಿ ಅವರು ಇಷ್ಟು ಆಸೆಪಟ್ಟದ್ದು ಬೇರೇನೂ ಇರಲಿಲ್ಲ, ಮದುವೆಯನ್ನೂ ಸೇರಿಸಿ.

"ಬರ್ಲಿಲ್ಲ ಅಂತ್ಲೇ ಬರಿ. ಏನೀಗ?" ಎಂದಳು ಗ್ವೆನ್.

"ಈಜು ಬರಲ್ಲ ಅಂತ ಈಜು ಕಲಿಸೋನು ಹೇಳ್ತಾನಾ?"

ಪಾಸ್ಕೋ ಎದ್ದು ಪಕ್ಕದ ಮನೆಗೆ ನಡೆದರು. ಅಲ್ಲಿರುವುದು ಬೆರಿಲ್ ಟ್ರೆವೆನಾ, ನಿವೃತ್ತ ಹೆಡ್‌ಮಿಸ್ಟ್ರೆಸ್. ಅರ್ಧ ಊರಿಗೆ ಕಾಗುಣಿತ ಕಲಿಸಿದವಳು, ಇನ್ನರ್ಧಕ್ಕೆ ಕಿವಿ ಹಿಂಡಿದವಳು. ಬೇಲಿ ಕತ್ತರಿಸುವ ಕತ್ತರಿ ಕೇಳುವ ನೆಪ ಹೂಡಿ, ಅಡುಗೆಮನೆಯ ಮೇಜಿನ ಮೇಲೆ ಪತ್ರಿಕೆ ಇದೆಯೇ ಎಂದು ಕಣ್ಣಾಡಿಸಿದರು. ಇರಲಿಲ್ಲ.

"ಇವತ್ತಿನ ಪದಬಂಧ ಆಯ್ತಾ, ಬೆರಿಲ್?"

"ಮೊಟ್ಟೆ ಬೇಯೋಷ್ಟ್ರಲ್ಲಿ ಆಯ್ತು. ನಿಂದು?"

"ನಂದೂ ಆಯ್ತು. ನಾಲ್ಕು ಕೆಳಗೆ ಹೇಗನ್ನಿಸ್ತು?"

ಬೆರಿಲ್ ಒಂದು ಗಳಿಗೆ ಛಾವಣಿ ನೋಡಿದಳು. "ಚೆನ್ನಾಗಿತ್ತು. ನಿಂಗೆ?"

"ಚೆನ್ನಾಗೇ ಇತ್ತು. ಪೇಪರ್ ಕಾಣಿಸ್ತಿಲ್ವಲ್ಲ?"

"ಕೋಳಿಗೂಡಿಗೆ ಹಾಸ್ಬಿಟ್ಟೆ. ಮುಗಿದ ಮೇಲೆ ಇನ್ನೇನು ಕೆಲ್ಸ ಅದಕ್ಕೆ?"

ಬೆರಿಲ್ ಕತ್ತರಿ ಹುಡುಕಲು ಒಳಹೋದದ್ದೇ ತಡ, ಪಾಸ್ಕೋ ಹಿತ್ತಲಿಗೆ ಓಡಿ ಕೋಳಿಗೂಡಿನೊಳಗೆ ಸೊಂಟದವರೆಗೂ ನುಗ್ಗಿದರು. ಪತ್ರಿಕೆ ಅಲ್ಲೇ ಇತ್ತು. ಪದಬಂಧದ ಪುಟದ ಮೇಲೆ ಒಂದು ಕೆಂಪು ಹೇಂಟೆ ಕಾವಿಗೆ ಕೂತಿತ್ತು. ಪಾಸ್ಕೋ ಅದನ್ನು ಮೆಲ್ಲನೆ ಸರಿಸಲು ಹೋದರು. ಹೇಂಟೆ ಮೆಲ್ಲನೆ ಎನ್ನುವುದನ್ನು ಒಪ್ಪಲಿಲ್ಲ. ಕೈಗೆ ಎರಡು ಕಡೆ ಕುಟುಕಿತು, ಗೂಡಿನ ತಂತಿ ಪ್ಯಾಂಟನ್ನು ಹರಿಯಿತು. ಕೊನೆಗೆ ಪುಟ ಕೈಗೆ ಬಂದಾಗ ಚೌಕದ ತುಂಬ ಕೋಳಿ ತನ್ನ ವಿಮರ್ಶೆಯನ್ನು ಆಗಲೇ ಮಾಡಿ ಮುಗಿಸಿತ್ತು. ಒಂದಕ್ಷರವೂ ಓದುವ ಹಾಗಿರಲಿಲ್ಲ.

"ಲಯನಲ್, ನನ್ನ ಕೋಳಿಗೂಡಲ್ಲಿ ಏನ್ಮಾಡ್ತಿದ್ದೀಯ?" ಹಿಂದಿನಿಂದ ಹೆಡ್‌ಮಿಸ್ಟ್ರೆಸ್ ಧ್ವನಿ ಬಂತು.

"ಮೊಟ್ಟೆ ಎಷ್ಟು ಹೊತ್ತಿಗೆ ಬೇಯುತ್ತೆ ಅಂತ…" ಎಂದು ಪಾಸ್ಕೋ ತಮಗೇ ಅರ್ಥವಾಗದ ಮಾತು ಹೇಳಿ, ಕತ್ತರಿ ಇಸಿದುಕೊಂಡು, ಹರಿದ ಕಡೆಗೆ ಅದನ್ನೇ ಮರೆ ಹಿಡಿದು ಮನೆ ಸೇರಿದರು.

ಪ್ಯಾಂಟು ಬದಲಿಸಿ, ಕೈಗೆ ಪಟ್ಟಿ ಅಂಟಿಸಿಕೊಂಡು ಕ್ಲಬ್ಬಿಗೆ ಹೋದರು. ಕಿಟಕಿ ಪಕ್ಕದ ಮೇಜಿನಲ್ಲಿ ನೆವಿಲ್ ಕ್ರಾಡಕ್ ಕೂತಿದ್ದ. ಔಷಧಿ ಅಂಗಡಿ ನಡೆಸಿ ನಿವೃತ್ತನಾದವನು, ಊರಿನ ಯಾರ ಹೊಟ್ಟೆಯಲ್ಲಿ ಏನಿದೆ ಎಂದು ಬಲ್ಲವನು. ಅವನ ಮುಂದೆ ಕಾಫಿ ಇತ್ತು, ರಬ್ಬರಿನ ಪುಡಿ ಇತ್ತು, ಪತ್ರಿಕೆ ಮಾತ್ರ ಇರಲಿಲ್ಲ. ಪಾಸ್ಕೋ ಬಗ್ಗಿ ನೋಡಿದರೆ ಅದರ ಒಂದು ಮೂಲೆ ನೆವಿಲ್‌ನ ತೊಡೆಯಡಿಯಿಂದ ಇಣುಕುತ್ತಿತ್ತು.

"ಬಾ ಮಾರಾಯ. ಇವತ್ತು ನಿನ್ನ ಪರೀಕ್ಷೆ ಅಂತಲ್ಲ. ಇಷ್ಟು ಸುಲಭದ್ದು ಬರಬಾರ್ದಿತ್ತು ನೋಡು, ನಿನ್ನ ಪ್ರತಿಭೆಗೆ ಅವಮಾನ."

"ನಿಂಗೆ ಬಂತಾ?"

"ಕಾಫಿ ಬರೋ ಮುಂಚೇನೇ."

"ಹಾಗಾದ್ರೆ ಸ್ವಲ್ಪ ಎದ್ದು ನಿಲ್ಲು, ಹೋಲಿಸಿ ನೋಡೋಣ."

"ಸೊಂಟ ಹಿಡ್ಕೊಂಡಿದೆ. ಎದ್ರೆ ಮತ್ತೆ ಕೂರೋಕಾಗಲ್ಲ," ಎಂದು ನೆವಿಲ್ ಕುರ್ಚಿಗೆ ಇನ್ನಷ್ಟು ಅಂಟಿಕೊಂಡ. "ಅಲ್ಲ, ನಿಂಗೆ ಬಂದಿದೆ ತಾನೆ?"

ಹಿಂದಿನ ಮೇಜಿನಲ್ಲಿ ಸ್ಕೋನ್ ಬನ್ನು ತಿನ್ನುತ್ತಿದ್ದವರು ಬಾಯಿ ಆಡಿಸುವುದನ್ನು ನಿಲ್ಲಿಸಿ ಪಾಸ್ಕೋ ಅವರನ್ನೇ ನೋಡಿದರು.

"ಎದ್ದು ಚಪ್ಪಲಿ ಮೆಟ್ಟೋಷ್ಟ್ರಲ್ಲಿ," ಎಂದರು ಪಾಸ್ಕೋ.

"ನಮ್ದೂ ಆಯ್ತು," ಎಂದರು ಹಿಂದಿನವರು, ಒಬ್ಬರಾದ ಮೇಲೆ ಒಬ್ಬರು.

ಪಾಸ್ಕೋ ಮನೆಗೆ ಬಂದು ಕುಸಿದು ಕೂತರು. ಇಡೀ ಊರಿಗೆ ಬಂದದ್ದು ತಮಗೊಬ್ಬರಿಗೆ ಬರಲಿಲ್ಲ. ಬುದ್ಧಿ ಮಂಕಾಯಿತೇ, ಅಪ್ಪನಿಗೂ ಇದೇ ವಯಸ್ಸಿಗೆ ಮರೆವು ಶುರುವಾಗಿತ್ತಲ್ಲ ಎಂದು ನಿಜವಾಗಿಯೂ ಹೆದರಿದರು. ಗ್ವೆನ್‌ಗೂ ಈಗ ಕನಿಕರ ಹುಟ್ಟಿತು. ಅವಳು ಚಹಾ ತಂದಿಟ್ಟು, "ಇದ್ದದ್ದು ಇದ್ದ ಹಾಗೆ ಬರೆದ್ಬಿಡು. ಮನಸ್ಸು ಹಗುರ ಆಗುತ್ತೆ," ಎಂದಳು.

ಪಾಸ್ಕೋ ಕಂಪ್ಯೂಟರಿನಲ್ಲಿ ಬರೆದರು. "ಈ ಪದಬಂಧ ನನಗೆ ಬಿಡಿಸಲಾಗಲಿಲ್ಲ. ಅಡ್ಡಸಾಲುಗಳೂ ಕೆಳಸಾಲುಗಳೂ ಒಂದಕ್ಕೊಂದು ಹೊಂದಲಿಲ್ಲ." ಅಷ್ಟು ಬರೆದ ಮೇಲೆ ಮನಸ್ಸು ನಿಜಕ್ಕೂ ಹಗುರಾಯಿತು. ಕಳಿಸಿಬಿಡೋಣ ಎಂದು ಬೆರಳೆತ್ತಿದರು. ಅಷ್ಟರಲ್ಲಿ ಬೇಲಿಯಾಚೆಯಿಂದ ಬೆರಿಲ್ ಲ್ಯಾಮಿಂಗ್ಟನ್ ಕೇಕಿನ ತಟ್ಟೆ ಹಿಡಿದು ಬಂದಳು.

"ಸಂಜೆ ನೆವಿಲ್, ನಾನು ಇಬ್ರೂ ಬರ್ತೀವಿ. ಸಂಪಾದಕಿ ಫೋನ್ ಮಾಡಿದಾಗ ನಾವೂ ಇರ್ಬೇಕು. ಅಲ್ಲ ಲಯನಲ್, ಇವತ್ತಿನದೂ ಬಾರದವರು ಊರಲ್ಲಿದ್ರೆ ಅವ್ರ ಕೈಯಿಂದ ಪೆನ್ಸಿಲ್ ಕಿತ್ಕೋಬೇಕು. ಏನಂತೀಯ?"

"ನಿಜ," ಎಂದರು ಪಾಸ್ಕೋ. ಅವಳು ಅತ್ತ ಹೋಗುತ್ತಲೇ ಬರೆದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡಿದರು. ಕುಕಾಬರಾ ಈ ವಾರ ಎಳೆಮಕ್ಕಳಿಗಾಗಿ ಕಟ್ಟಿದಂತಿದೆ. ಎದ್ದು ಚಪ್ಪಲಿ ಮೆಟ್ಟುವುದರೊಳಗೆ ಬಿಡಿಸಿದೆ. ನಮ್ಮ ಬೌಲ್ಸ್ ಕ್ಲಬ್ಬಿನ ಪ್ರತಿಯೊಬ್ಬ ಸದಸ್ಯರೂ ಕಾಫಿ ಬರುವ ಮೊದಲೇ ಪೂರ್ತಿ ಮಾಡಿದ್ದಾರೆ. ಇಷ್ಟು ಬೈದ ಮೇಲೆ ವಿಮರ್ಶಕ ಒಂದಾದರೂ ಒಳ್ಳೆಯ ಮಾತು ಹೇಳಬೇಕಲ್ಲ ಎಂದು ಕೊನೆಗೆ ಸೇರಿಸಿದರು: "ಅಡ್ಡಸಾಲು, ಕೆಳಸಾಲುಗಳು ಹಾಲಿಗೆ ಸಕ್ಕರೆಯಂತೆ ಬೆರೆತಿರುವುದು ಮಾತ್ರ ಮೆಚ್ಚತಕ್ಕದ್ದು." ಕಣ್ಣು ಮುಚ್ಚಿಕೊಂಡು ಕಳಿಸಿದರು.

ಸಂಜೆ ಬೆರಿಲ್ ಬಂದಳು. ನೆವಿಲ್ ಸೊಂಟನೋವಿನ ಸುಳಿವೇ ಇಲ್ಲದೆ ಬಂದ. ಫೋನ್ ಬಂದೊಡನೆ ಬೆರಿಲ್ ತಾನೇ ಕೈ ಚಾಚಿ, ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಒತ್ತಿದಳು.

"ಪಾಸ್ಕೋ ಅವ್ರೇ, ಅಂಕಣ ನಿಮ್ದೇ," ಎಂದರು ಸಂಪಾದಕಿ. ನೆವಿಲ್ ಚಪ್ಪಾಳೆ ತಟ್ಟಿದ. ಪಾಸ್ಕೋ ಕಣ್ಣಲ್ಲಿ ನೀರು ಬಂತು.

"ನಮ್ಮ ಮಾನ ಉಳಿಸಿದ್ರಿ ನೀವು," ಎಂದು ಸಂಪಾದಕಿ ಮುಂದುವರಿಸಿದರು. "ಏನಾಗಿದೆ ಅಂದ್ರೆ, ನಮ್ಮ ಹತ್ರ ಇರೋ ನಾಲ್ಕಾರು ಚೌಕಗಳನ್ನೇ ನಾವು ತಿರುಗಾ ಮುರುಗಾ ಬಳಸ್ತೀವಿ. ನಿನ್ನೆ ಪುಟ ಕಟ್ಟೋವಾಗ ಅಡ್ಡದ ಸುಳಿವು ಈ ವಾರದ್ದು, ಕೆಳಗಿನ ಸುಳಿವು ಮುಂದಿನ ತಿಂಗಳದ್ದು ಸೇರ್ಕೊಂಡ್ಬಿಟ್ಟಿದೆ. ಎರಡಕ್ಕೂ ಒಂದೇ ಚೌಕ ನೋಡಿ, ಹಾಗಾಗಿ ಸಂಖ್ಯೆ ಎಲ್ಲ ಸರಿಹೋಯ್ತು, ಯಾರಿಗೂ ಗೊತ್ತಾಗ್ಲಿಲ್ಲ. ಕುಕಾಬರಾ ಅವ್ರನ್ನ ಕೇಳಿದ್ರೆ, ದೇವರೇ ಇಳಿದು ಬಂದ್ರೂ ಇದನ್ನ ಬಿಡಿಸೋಕಾಗಲ್ಲ ಅಂದ್ರು. ತಪ್ಪಾಯ್ತು ಅಂತ ನಾಳೆ ಹಾಕೋಕೆ ಕೂತಿದ್ವಿ. ಅಷ್ಟ್ರಲ್ಲಿ ನಿಮ್ಮ ವಿಮರ್ಶೆ ಬಂತು."

ಬೆರಿಲ್ ನೆವಿಲ್‌ನನ್ನು ನೋಡಿದಳು. ನೆವಿಲ್ ತಟ್ಟೆಯಲ್ಲಿದ್ದ ಕೇಕನ್ನು ನೋಡಿದ.

"ಇನ್ನು ತಪ್ಪೊಪ್ಪಿಗೆ ಏನೂ ಬೇಕಿಲ್ಲ," ಎಂದರು ಸಂಪಾದಕಿ ಖುಷಿಯಿಂದ. "ನೀವು ತುಂಬಿದ ಚೌಕ ಹಾಗೇ ಕಳಿಸ್ಕೊಡಿ, ನಾಳೆ ಉತ್ತರ ಅಂತ ಅದನ್ನೇ ಹಾಕ್ತೀವಿ. ಪಕ್ಕದಲ್ಲಿ ನಿಮ್ಮ ಫೋಟೋ. ಕುಕಾಬರಾ ಅವ್ರೂ ಇಲ್ಲೇ ಬಂದು ಕೂತಿದ್ದಾರೆ, ಕಣ್ಣಾರೆ ನೋಡ್ದೆ ಏಳಲ್ವಂತೆ. ನಿಮ್ದು ಕೈಗೆ ಸಿಗ್ದಿದ್ರೆ ಕ್ಲಬ್ಬಿನವರು ಯಾರದಾದ್ರೂ ಆಗುತ್ತೆ. ಎಲ್ರೂ ಬಿಡಿಸಿದ್ದಾರೆ ಅಂತ ನೀವೇ ಬರ್ದಿದ್ದೀರಲ್ಲ."

"ಕೋಳಿ ಗೂಡಿಗೆ ಕೂಡಬೇಕು," ಎಂದು ಬೆರಿಲ್ ಎದ್ದಳು. "ಕಸದ ಡಬ್ಬಿ ಹೊರಗಿಡೋದು ಮರೆತೆ," ಎಂದು ನೆವಿಲ್ ಅವಳಿಗಿಂತ ಮೊದಲು ಬಾಗಿಲು ದಾಟಿದ.

"ಪಾಸ್ಕೋ ಅವ್ರೇ, ಇದ್ದೀರಾ?" ಎಂದಿತು ಫೋನು.

ಗ್ವೆನ್ ತಟ್ಟೆಗಳನ್ನು ಸರಿಸಿ, ತೂತು ಬಿದ್ದ ಪತ್ರಿಕೆಯನ್ನು ಗಂಡನ ಮುಂದೆ ಹರಡಿ, ಫೋನಿನ ಕಡೆಗೆ ಬಗ್ಗಿದಳು.

"ಇದ್ದಾರೆ. ಇನ್ನೇನು, ಚಪ್ಪಲಿ ಮೆಟ್ತಿದ್ದಾರೆ."