ಅವ್ವನ ತಣಿಗೆಯೂ ಬೆನಿನ್ ಅರಮನೆಯೂ

ನನ್ನ ನೆನಪನ್ನು ನಾನು ನಂಬುವುದಿಲ್ಲ. ಅದು ಯಾವಾಗಲೂ ನನ್ನ ಪರವಾಗಿಯೇ ಸಾಕ್ಷಿ ಹೇಳುತ್ತದೆ. ಅದಕ್ಕೇ ಎಂ.ಎ. ಓದುವ ಕಾಲದಿಂದಲೂ ಡೈರಿ ಬರೆಯುತ್ತೇನೆ. ಬರೆದದ್ದನ್ನು ತಿರುಗಿ ಓದುವುದಿಲ್ಲ, ಅಷ್ಟೆ.

ಎರಡು ಸಾವಿರದ ಐದೋ ಆರೋ ಇಸವಿ. ಚಾಮರಾಜನಗರದ ಕಾಲೇಜೊಂದರಲ್ಲಿ ಇತಿಹಾಸ ಹೇಳಿಕೊಡುತ್ತಿದ್ದೆ. ಅವತ್ತು ಪಶ್ಚಿಮ ಆಫ್ರಿಕಾದ ಬೆನಿನ್ ಅರಮನೆಯ ಪಾಠ. ಬ್ರಿಟಿಷ್ ಸೈನ್ಯ ಅರಮನೆಗೆ ನುಗ್ಗಿ ಕಂಚು, ಹಿತ್ತಾಳೆಯ ಫಲಕಗಳನ್ನೂ ಅರಸರ ಎರಕದ ತಲೆಗಳನ್ನೂ ಹಡಗಿಗೆ ತುಂಬಿಕೊಂಡು ಹೋದದ್ದನ್ನು ವರ್ಣಿಸಿ, “ಒಂದು ವಂಶದ ನೆನಪನ್ನೇ ಹೊತ್ತುಕೊಂಡು ಹೋಗಿ ಗಾಜಿನ ಹಿಂದೆ ಇಟ್ಟು, ನಾವು ಚೆನ್ನಾಗಿ ನೋಡಿಕೊಳ್ಳುತ್ತಿದ್ದೇವೆ ಅನ್ನುತ್ತಾರಲ್ಲ, ನಾಚಿಕೆ ಬೇಡವೇ?” ಎಂದು ಮೇಜು ಕುಟ್ಟಿದ್ದೆ. ಅಂಗೈ ಉರಿಯುತ್ತಿರುವಾಗಲೇ ಮನೆಗೆ ಬಂದರೆ, ಹಂಗಳದ ಅಕ್ಕ ನಡುಮನೆಯಲ್ಲಿ ಕೂತಿದ್ದಳು. ಮುಂದಿಟ್ಟ ನೀರಿನ ಲೋಟ ಮುಟ್ಟಿರಲಿಲ್ಲ. ಮಾರನೆಯ ಬೆಳಿಗ್ಗೆ ಅವಳ ಮಗಳ ಧಾರೆ.

“ಅವ್ವನ ತಣಿಗೆ ಕೊಡು ಕಣ್ಲಾ. ಐದೂವರೆ ಗುಂಡ್ಲುಪೇಟೆ ಬಸ್ಸಿಗೆ ಓಗ್ಬೇಕು.”

ತಣಿಗೆಯೆಂದರೆ ಕಂಚಿನ ದೊಡ್ಡ ತಟ್ಟೆ. ನಮ್ಮ ಮನೆಯ ಹೆಣ್ಣುಮಕ್ಕಳ ಧಾರೆಯ ನೀರು ಅದಕ್ಕೇ ಬೀಳಬೇಕು. ಅಜ್ಜಿಯದು, ಅವ್ವನದು, ಅಕ್ಕನದು, ಎಲ್ಲವೂ ಅದರಲ್ಲೇ ಆದದ್ದು. ಈಗದು ನನ್ನ ಶೋಕೇಸಿನಲ್ಲಿತ್ತು. ಗಾಜಿನ ಹಿಂದೆ.

“ಅವ್ವ ನನ್ ಕೈಗೇ ಕೊಟ್ಟಿದ್ದು ಕಣಕ್ಕ,” ಎಂದೆ. ಕೊಡುವಾಗ ಅವ್ವನ ಬಳೆ ತಣಿಗೆಗೆ ತಾಗಿದ ಸದ್ದು ಕೂಡ ನನಗೆ ನೆನಪಿತ್ತು.

“ಯಾವಾಗ್ ಕೊಟ್ಲು? ನಾನೆಲ್ ಸತ್ತೋಗಿದ್ದೆ?”

“ನಿಮ್ಮನೇಲಿದ್ದಿದ್ರೆ ನೀನು ಕೋಳಿಗೆ ನೀರಿಡೋಕೆ ಹಾಕ್ತಿದ್ದೆ. ಇಲ್ಲಿ ವಾರವಾರ ಹುಣಸೆಹಣ್ಣು ಹಾಕಿ ಉಜ್ತೀವಿ.”

“ಉಜ್ಜೋಳು ನಾನು,” ಅಡುಗೆಮನೆಯಿಂದ ಹೆಂಡತಿ ಗಿರಿಜಳ ದನಿ ಬಂತು.

“ಬೇಕಾದ್ರೆ ನಾಳೆಗೆ ಮಾತ್ರ ತಗೊಂಡೋಗಿ ವಾಪಸ್ ಕೊಡು,” ಎಂದೆ. ಹೇಳಿದ ಮೇಲೆ ಅಂಗೈ ಮತ್ತೆ ಉರಿಯಿತು.

ಅಕ್ಕ ಎದ್ದಳು. “ನಂದನ್ನ ನಂಗೇ ಎರವ್ಲು ಕೊಡ್ತೀಯೇನ್ಲಾ? ಬುಡು, ಸ್ಟೀಲ್ ತಟ್ಟೇಲೇ ಎರೀತೀನಿ. ಸೋದರಮಾವ ಅಂತ ನೀನ್ ಮಾತ್ರ ಮಂಟಪದ ತಾವ ಬರ್ಬೇಡ.”

ಗಂಟೆ ಐದೂ ಹತ್ತು. ನಾನು ಎತ್ತಿ ಆಡಿಸಿದ ಹುಡುಗಿ. ಅವಳನ್ನು ಮಂಟಪಕ್ಕೆ ಇನ್ನಾರೋ ಕರೆತರುವುದೇ? ಅಷ್ಟರಲ್ಲಿ ಗಿರಿಜ ಟ್ರಂಕಿನಿಂದ ಅವ್ವ ತೀರಿಕೊಂಡ ವರ್ಷದ ಡೈರಿ ತಂದು ಮಡಿಲಿಗೆ ಹಾಕಿದಳು. “ಎಲ್ಲಾ ಬರೀತೀರಲ್ಲ, ಇದನ್ನೂ ಬರ್ದಿರ್ತೀರಿ. ನೋಡಿ.”

ಬರೆದಿದ್ದೆ. ನನ್ನದೇ ಅಕ್ಷರ: ‘ಅವ್ವನ ತಿಥಿ. ಎಂಜಲೆಲೆ ಎಸೆಯಲು ಅಕ್ಕ ಹಿತ್ತಲಿಗೆ ಹೋದಳು. ತಣಿಗೆಯನ್ನು ಪಂಚೆಯಲ್ಲಿ ಸುತ್ತಿ ಚೀಲಕ್ಕಿಟ್ಟೆ. ಇಲ್ಲಿದ್ದರೆ ಹಾಳಾಗುತ್ತದೆ.’

ತಿಥಿಯ ದಿನ ಅವ್ವ ಎಲ್ಲಿಂದ ಬಂದು ಕೊಟ್ಟಾಳು! ಆ ಬಳೆಯ ಸದ್ದು ಯಾರದೋ.

“ಏನ್ ಬರ್ದಿದ್ದೀಯ?” ಎಂದಳು ಅಕ್ಕ. ಡೈರಿ ಮುಚ್ಚಿದೆ. ಎದ್ದು ಶೋಕೇಸಿನ ಬೀಗ ತೆಗೆದೆ. ಅವಳು ತಣಿಗೆಯನ್ನು ಸೆರಗಿನಲ್ಲಿ ಒರೆಸಿ ಕಂಕುಳಿಗೆ ಸೇರಿಸಿದಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು, ಲೋಟದ ನೀರನ್ನು ಒಂದೇ ಗುಟುಕಿಗೆ ಕುಡಿದಳು. “ಬೆಳಿಗ್ಗೆ ಬಿರ್ರನೆ ಬಾ. ಮಗೀನ ಕರ್ಕಂಡ್ ಬರೋನು ನೀನೇ ಕಣ್ಲಾ.”

ಮದುವೆ ಮುಗಿಸಿ ಬಂದ ಮೇಲೆ, ಶೋಕೇಸಿನ ಖಾಲಿ ಜಾಗಕ್ಕೆ ಗಿರಿಜ ಹಿತ್ತಾಳೆಯ ದೀಪವೊಂದನ್ನು ಸರಿಸಿಟ್ಟಳು. “ಇದು ಹರವೆ ಚಿಕ್ಕಮ್ಮಂದಲ್ವಾ? ಅವರೇ ಕೊಟ್ರಾ?”

“ಹೂಂ, ಚೆನ್ನಾಗಿ ನೆನಪಿದೆ,” ಎಂದೆ. ಡೈರಿಗಳನ್ನೆಲ್ಲ ಟ್ರಂಕಿನ ತಳಕ್ಕೆ ಹಾಕಿ, ಶೋಕೇಸಿನ ಬೀಗವನ್ನು ಟ್ರಂಕಿಗೆ ಜಡಿದೆ.