ಕೊಳಲಿಗೆ ಎಣ್ಣೆ ಜಾಸ್ತಿಯಾದದ್ದು

ಎಣ್ಣೆಯ ವಿಷಯದಲ್ಲಿ ತನಗೆ ಯಾರೂ ಪಾಠ ಹೇಳಬೇಕಾಗಿಲ್ಲ ಎನ್ನುವುದು ಗಡಿಯಾರ ರಿಪೇರಿಯ ಯಜಮಾನರ ಅಚಲ ನಂಬಿಕೆ. ಮೂವತ್ತು ವರ್ಷ ಗಡಿಯಾರಗಳ ಹೊಟ್ಟೆಗೆ ಎಣ್ಣೆ ಬಿಟ್ಟ ಕೈ ಅದು. ಆದರೆ ಇಂಥ ತೈಲಪಂಡಿತರಿಗೆ ಮನೆಯಲ್ಲಿ ಹೆಂಡತಿಯ ಕೊಳಲನ್ನು ಮುಟ್ಟುವ ಅಧಿಕಾರ ಮಾತ್ರ ಇರಲಿಲ್ಲ.

ಹೆಂಡತಿ ಸಂಗೀತದ ಟೀಚರು. ಕಪ್ಪು ಮರದ ಆ ಕೊಳಲಿಗೆ ತಾವೇ ಎಣ್ಣೆ ಸವರಿ, ತಾವೇ ಒರೆಸಿ, ಗಂಡನಿಗೂ ಸಿಗದ ಆರೈಕೆ ಮಾಡುತ್ತಿದ್ದರು (ಇದು ಯಜಮಾನರ ಹಳೆಯ ದೂರು). ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಎಡಗೈ ಸ್ವಾಧೀನ ತಪ್ಪಿತು. ಆಸ್ಪತ್ರೆಯಿಂದ ಬಂದ ದಿನವೇ ಕೊಳಲು ಕಪಾಟು ಸೇರಿತು. ಅದನ್ನು ಮರೆತಾಯ್ತು, ಇನ್ನು ಅದರ ಸುದ್ದಿ ಎತ್ತಬೇಡಿ ಎಂದು ಅಪ್ಪಣೆಯಾಯಿತು. ಅಲ್ಲಿಂದಾಚೆಗೆ ಯಜಮಾನರಿಗೆ ಅಂಗಡಿಯಲ್ಲೂ ಟಿಕ್ ಟಿಕ್, ಮನೆಯಲ್ಲೂ ಟಿಕ್ ಟಿಕ್.

ಮೊನ್ನೆ ಭಾನುವಾರ ಹೆಂಡತಿ ತಂಗಿಯ ಮನೆಗೆ ಹೋಗಿದ್ದಾಗ ಅವರು ಮೆಲ್ಲಗೆ ಕೊಳಲಿನ ಪೆಟ್ಟಿಗೆ ತೆರೆದರು. ಕೊಳಲು ಮಂಕಾಗಿ ಕಂಡಿತು. ಹೊಳಪೇ ಇಲ್ಲ. ಅಯ್ಯೋ ಪಾಪ, ಎರಡು ವರ್ಷ ಉಪವಾಸ ಬಿದ್ದಿದೆ ಎಂದು ಕರುಳು ಚುರುಕ್ಕೆಂದಿತು. ಬಡಗಿಯ ಹತ್ತಿರದಿಂದ ಒಂದು ಬಾಟಲಿ ಅಗಸೆ ಎಣ್ಣೆ ತಂದು ಧಾರಾಳವಾಗಿ ಅಭ್ಯಂಜನ ಮಾಡಿಸಿದರು. ಒಳಗೊಂದು ಸಲ, ಹೊರಗೆ ಮೂರು ಸಲ. ಆಮೇಲೆ ಬಿಸಿಲಿಗಿಟ್ಟು, ಕನ್ನಡಿಯಂತೆ ಹೊಳೆಯುವ ಕೊಳಲನ್ನು ಕಂಡು ಹೆಂಡತಿಯ ಮುಖ ಹೇಗೆ ಅರಳೀತು ಎಂದು ಲೆಕ್ಕ ಹಾಕುತ್ತಾ ಕುಳಿತರು.

ಸಂಜೆ ಹೊತ್ತಿಗೆ ಕೊಳಲು ಅಂಟಿನ ಕಡ್ಡಿಯಾಗಿತ್ತು. ಒರೆಸಲು ಹೋದರೆ ಬಟ್ಟೆಯ ನೂಲೆಲ್ಲ ಮೆತ್ತಿಕೊಂಡು ಅದಕ್ಕೆ ಗಡ್ಡ ಬಂದಂತಾಯಿತು. ರಂಧ್ರಗಳ ಬಾಯಿಗೆ ಕೆನೆ ಕಟ್ಟಿತ್ತು. ಮಾರನೆಯ ಬೆಳಿಗ್ಗೆ ಅದನ್ನು ಕಾಗದದಲ್ಲಿ ಸುತ್ತಿ, ರಾತ್ರಿ ಮರಳಿದ್ದ ಹೆಂಡತಿಗೆ ಗಡಿಯಾರದ ಸ್ಪ್ರಿಂಗ್ ತರುತ್ತೇನೆಂದು ಸುಳ್ಳು ಹೇಳಿ, ಕೊಳಲು ಮಾಡುವ ಅಜ್ಜನ ಬಳಿ ಓಡಿದರು.

ಸುತ್ತಿದ ಕಾಗದವನ್ನೇ ಅಜ್ಜ ಕಷ್ಟಪಟ್ಟು ಬಿಡಿಸಬೇಕಾಯಿತು. "ಇದಕ್ಕೆ ಎಣ್ಣೆ ಜಾಸ್ತಿಯಾಗಿದೆ," ಎಂದರು, ಕುಡುಕನನ್ನು ಮನೆಗೆ ಕರೆತಂದವರಿಗೆ ಹೇಳುವ ಧಾಟಿಯಲ್ಲಿ. ತೆಳ್ಳಗೆ ಸವರಬೇಕು, ಮರ ಕುಡಿದಷ್ಟು ಕುಡಿಯಲಿ, ಮಿಕ್ಕಿದ್ದನ್ನು ಪೂರ್ತಿ ಒರೆಸಿಬಿಡಬೇಕು, ಎಣ್ಣೆ ಕುಡಿದ ಮರ ಮಂಕಾಗಿ ಇರುವುದೇ ಚೆಂದ ಎಂದು ತಿಳಿಹೇಳುತ್ತಾ ಟರ್ಪೆಂಟೈನ್ ಬಟ್ಟೆಯಿಂದ ಜಿಗುಟನ್ನು ಬಿಡಿಸತೊಡಗಿದರು. ಅರ್ಧ ಗಂಟೆ ಕಳೆದ ಮೇಲೆ ಕೊಳಲನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು.

"ಎರಡು ವರ್ಷ ಇದನ್ನ ಯಾರೂ ಮುಟ್ಟಿಲ್ಲ ಅಂದ್ರಲ್ಲ?"

"ಯಾರೂ ಇಲ್ಲ. ನಾನೇ ಮೊದಲು."

"ಸುಳ್ಳು. ಒಂದು ಬಿರುಕಿಲ್ಲ. ಒಳಗಡೆ ಪದರದ ಮೇಲೆ ಪದರ, ನಯವಾಗಿ ಕೂತಿದೆ. ತಿಂಗಳು ತಪ್ಪದೆ ಯಾರೋ ಎಣ್ಣೆ ಕೊಟ್ಟಿದ್ದಾರೆ. ಚೆನ್ನಾಗಿ ಬಲ್ಲವರು." ಆಮೇಲೆ ಯಜಮಾನರ ಮುಖ ನೋಡಿ, "ನೀವಲ್ಲ," ಎಂದು ಸೇರಿಸಿದರು.

ಯಜಮಾನರು ಮನೆಯ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದರು. ಒಂದೇ ಕೈಯಲ್ಲಿ ಹೇಗೆ ಮಾಡಿರಬಹುದು? ಮಂಡಿಗಳ ನಡುವೆ ಕೊಳಲನ್ನು ಇರುಕಿಸಿಕೊಂಡು, ತಾನು ಅಂಗಡಿಗೆ ಹೋಗುವುದನ್ನೇ ಕಾದು? ತಲೆ ಬಗ್ಗಿಸಿ ಜಗತ್ತಿನ ಗಡಿಯಾರಗಳ ಒಳಗನ್ನು ನೋಡಿದ ತನಗೆ ಇದೊಂದು ಕಾಣಲಿಲ್ಲ.

ಮನೆಯಲ್ಲಿ ಹೆಂಡತಿ ಖಾಲಿ ಪೆಟ್ಟಿಗೆ ಎದುರಿಗಿಟ್ಟುಕೊಂಡು ಕುಳಿತಿದ್ದರು. ಯಜಮಾನರು ಕೊಳಲನ್ನು ಕೊಟ್ಟು, ನಡೆದದ್ದೆಲ್ಲ ಒಪ್ಪಿಸಿದರು. ಹೆಂಡತಿ ಬೈಯಲಿಲ್ಲ. (ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.) ಕೊಳಲನ್ನು ಮೂಗಿನ ಹತ್ತಿರ ಹಿಡಿದು, ಟರ್ಪೆಂಟೈನ್ ವಾಸನೆಗೆ ಮುಖ ಸಿಂಡರಿಸಿದರು.

"ಮರೆತೆ ಅಂದಿದ್ದೆಯಲ್ಲ," ಎಂದರು ಯಜಮಾನರು. "ನನಗೊಂದು ಮಾತು ಹೇಳಬಾರದಿತ್ತಾ?"

"ಹೇಳಿದ್ರೆ ನೀವು, ಒಂದೇ ಒಂದು ಸಲ ಊದು ನೋಡೋಣ ಅಂತಿದ್ರಿ."

ನಿಜಕ್ಕೂ ಆ ಮಾತು ಆಗಲೇ ಯಜಮಾನರ ಗಂಟಲವರೆಗೆ ಬಂದಿತ್ತು.

ಹೆಂಡತಿ ತಾವು ಬಚ್ಚಿಟ್ಟಿದ್ದ ಪುಟ್ಟ ಎಣ್ಣೆ ಶೀಶೆಯನ್ನು ಹಲ್ಲಿನಲ್ಲಿ ಕಚ್ಚಿ ಮುಚ್ಚಳ ತೆಗೆದು, ಬಟ್ಟೆಗೆ ಎರಡು ಹನಿ ಹಾಕಿದರು. "ಆ ತುದಿ ಹಿಡ್ಕೊಳ್ಳಿ. ಅಷ್ಟು ಬಿಗಿಯಾಗಿ ಬೇಡ, ಅದೇನು ಓಡಿಹೋಗಲ್ಲ."

ಯಜಮಾನರು ಎರಡೂ ಕೈಯಲ್ಲಿ ಹಿಡಿದುಕೊಂಡರು. ಹೆಂಡತಿ ಒಂದೇ ಕೈಯಲ್ಲಿ ನಿಧಾನವಾಗಿ ಸವರಿದರು, ನಿಧಾನವಾಗಿ ಒರೆಸಿದರು. ಒಂದು ರಂಧ್ರದ ಮೇಲೆ ಅವರ ಬೆರಳು ತಾನಾಗಿಯೇ ಕೂತು, ಮತ್ತೆ ಎದ್ದಿತು. ಯಜಮಾನರು ಅದನ್ನು ಕಾಣದವರಂತೆ ಗೋಡೆ ನೋಡುತ್ತಾ ಕುಳಿತರು.